‘ದ ರೇನ್’ ಬೀಟ್‌ನಲ್ಲಿ ಖಾಲಿ ಬಿಟ್ಟ ಜಾಗಗಳು

ಪ್ರಶ್ನೆ: ನಾವು ಮೂವರು ಗೆಳೆಯರು ಕನ್ನಡದಲ್ಲಿ ರ‍್ಯಾಪ್ ಮಾಡುತ್ತೇವೆ, ಮೊದಲ ಆಲ್ಬಂ ತಯಾರಿಯಲ್ಲಿದ್ದೇವೆ. ಅಮೆರಿಕದ ರ‍್ಯಾಪರ್ ಮಿಸ್ಸಿ ಎಲಿಯಟ್ ಅವರ ಮೊದಲ ಆಲ್ಬಂ ‘ಸೂಪಾ ಡೂಪಾ ಫ್ಲೈ’ ಎರಡೇ ವಾರದಲ್ಲಿ ರೆಕಾರ್ಡ್ ಆಯಿತು ಎಂದು ಓದಿದೆವು. ಅದರ ‘ದ ರೇನ್’ ಹಾಡಿನಂಥ ಬೀಟ್ ಕಟ್ಟಲು ಹೋದರೆ ನಮ್ಮದು ಬರೀ ಗದ್ದಲವಾಗುತ್ತದೆ, ಮಾತು ಕೇಳಿಸುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇವೆ? ಅವರು ಹಳೆಯ ಹಾಡಿನ ತುಣುಕು ಬಳಸಿದ ಹಾಗೆ ನಾವು ಹಳೆಯ ಕನ್ನಡ ಚಿತ್ರಗೀತೆಯ ತುಣುಕು ಬಳಸಬಹುದೇ?

ಉತ್ತರ: ಮೊದಲು ಎರಡು ವಾರದ ವಿಷಯ ಮುಗಿಸಿಬಿಡೋಣ, ಏಕೆಂದರೆ ಈ ಮಾತು ಹೊಸಬರನ್ನು ಬಹಳ ದಾರಿ ತಪ್ಪಿಸುತ್ತದೆ. ಆಲ್ಬಂ 1997ರ ಜುಲೈ 15ರಂದು ಬಂತು. ರೆಕಾರ್ಡಿಂಗ್ ನಡೆದದ್ದು ವರ್ಜೀನಿಯಾ ಬೀಚ್‌ನ ಮಾಸ್ಟರ್ ಸೌಂಡ್ ಸ್ಟುಡಿಯೋದಲ್ಲಿ, ಸುಮಾರು ಎರಡು ವಾರದಲ್ಲಿ, ಅದು ನಿಜ. ಆದರೆ ಆ ಎರಡು ವಾರದ ಹಿಂದೆ ಎಷ್ಟು ವರ್ಷ ಇದ್ದವು ನೋಡಿ. ಮಿಸ್ಸಿ ಪೋರ್ಟ್ಸ್‌ಮತ್ ಊರಿನವರು, ನಿರ್ಮಾಪಕ ಟಿಂಬಲೆಂಡ್ ಪಕ್ಕದ ನಾರ್ಫೋಕ್‌ನವರು. 1990ರ ದಶಕದ ಆರಂಭದಿಂದಲೇ ಇಬ್ಬರೂ ಜೊತೆಗೆ ಕೆಲಸ ಮಾಡುತ್ತಿದ್ದರು. ಮಿಸ್ಸಿ ಇದ್ದ ‘ಸಿಸ್ಟಾ’ ಗುಂಪಿನ ಆಲ್ಬಂ 1994ರಲ್ಲಿ ಸಿದ್ಧವಾಗಿಯೂ ಅಮೆರಿಕದಲ್ಲಿ ಸರಿಯಾಗಿ ಹೊರಬರಲಿಲ್ಲ. 1996ರಲ್ಲಿ ಗಾಯಕಿ ಆಲಿಯಾ ಅವರ ‘ಒನ್ ಇನ್ ಎ ಮಿಲಿಯನ್’ ಆಲ್ಬಂಗೆ ಇಬ್ಬರೂ ಸೇರಿ ಹಲವು ಹಾಡು ಕಟ್ಟಿದರು. ಅದರ ಶೀರ್ಷಿಕೆ ಹಾಡಿನಲ್ಲಿ ಕೇಳಿಬರುವ ಜೀರುಂಡೆ ಸದ್ದು, ಬಿಕ್ಕಳಿಸುವಂಥ ಕಿಕ್ (ಡ್ರಮ್‌ನ ದಪ್ಪ ಪೆಟ್ಟು), ಅವುಗಳ ಮೇಲೆ ನಿಧಾನಕ್ಕೆ ತೇಲುವ ದನಿ ಎಲ್ಲವೂ ‘ಸೂಪಾ ಡೂಪಾ ಫ್ಲೈ’ಗೆ ಒಂದು ವರ್ಷ ಮೊದಲೇ ತಯಾರಾಗಿದ್ದವು. ಮಿಸ್ಸಿ ತಮ್ಮ ಮೊದಲ ಆಲ್ಬಂಗೆ ಸ್ಟುಡಿಯೋ ಹೊಕ್ಕಾಗ ಹೊಸದಾಗಿ ಹುಡುಕಬೇಕಾದ್ದು ಹೆಚ್ಚೇನೂ ಇರಲಿಲ್ಲ, ಬರೆದು ಹಾಡಿ ಮುಗಿಸಬೇಕಿತ್ತು ಅಷ್ಟೇ. ಆದ್ದರಿಂದ ನೀವು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಸ್ಟುಡಿಯೋಗೆ ಹೋಗುವ ಮೊದಲು ಮನೆಯಲ್ಲೇ ಇಪ್ಪತ್ತಾದರೂ ಬೀಟ್ ಕಟ್ಟಿ, ಅವುಗಳ ಮೇಲೆ ಫೋನಿನಲ್ಲಾದರೂ ದನಿ ಹಾಕಿ, ಹತ್ತನ್ನು ಎಸೆದಿರಬೇಕು. ಸ್ಟುಡಿಯೋದಲ್ಲಿ ಕೂತು ಬೀಟ್ ಹುಡುಕಿದರೆ ದುಡ್ಡು ಹೋಗುತ್ತದೆ, ಮೂರನೇ ದಿನಕ್ಕೆ ಮೂವರಲ್ಲೂ ಮನಸ್ತಾಪ ಶುರುವಾಗುತ್ತದೆ.

ಈಗ ಗದ್ದಲದ ವಿಷಯ. ನಿಮ್ಮ ಬೀಟ್‌ನಲ್ಲಿ ಏನೋ ಕಡಿಮೆಯಾಗಿದೆ ಎಂದು ನೀವು ಒಂದೊಂದೇ ಸೇರಿಸುತ್ತಾ ಹೋಗುತ್ತಿದ್ದೀರಿ ಎಂದು ನಿಮ್ಮ ಪ್ರಶ್ನೆಯಿಂದಲೇ ತಿಳಿಯುತ್ತದೆ. ‘ದ ರೇನ್’ ಕೆಲಸ ಮಾಡುವುದು ತೆಗೆದದ್ದರಿಂದ. ಅದು ಬಂದ ಬೇಸಿಗೆಯಲ್ಲಿ ರೇಡಿಯೋ ತುಂಬ ಇದ್ದದ್ದು ಎಲ್ಲರಿಗೂ ಗೊತ್ತಿರುವ ಹಳೆಯ ಹಾಡಿನ ದೊಡ್ಡ ಲೂಪ್ (ಮತ್ತೆ ಮತ್ತೆ ತಿರುಗುವ ತುಣುಕು) ಹಾಕಿ ಅದರ ಮೇಲೆ ರ‍್ಯಾಪ್ ಮಾಡುವ ನ್ಯೂಯಾರ್ಕ್ ಶೈಲಿ. ಪಫ್ ಡ್ಯಾಡಿ ಅವರ ‘ನೋ ವೇ ಔಟ್’ ಅದೇ ಜುಲೈ ತಿಂಗಳಲ್ಲಿ ಬಂತು. ಕೇಳುಗರ ಕಿವಿ ತುಂಬಿ ತುಳುಕುತ್ತಿದ್ದಾಗ ವರ್ಜೀನಿಯಾದ ಈ ಇಬ್ಬರು ಅರ್ಧ ಖಾಲಿ ಇರುವ ಹಾಡು ತಂದಿಟ್ಟರು. ವರ್ಜೀನಿಯಾ ಅಮೆರಿಕದ ದಕ್ಷಿಣದ ರಾಜ್ಯವೇ ಆದರೂ ಹ್ಯೂಸ್ಟನ್ನಿಗೆ, ಅಟ್ಲಾಂಟಾಕ್ಕೆ ಇದ್ದ ಹಾಗೆ ‘ಇದು ನಮ್ಮೂರ ಸದ್ದು’ ಎಂಬುದು ಆಗ ಅದಕ್ಕೆ ಇರಲಿಲ್ಲ. ಇದು ಅವರಿಗೆ ಅನುಕೂಲವೇ ಆಯಿತು ಎಂದು ನನ್ನ ಎಣಿಕೆ. ಹೀಗೇ ಇರಬೇಕು ಎಂದು ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.

‘ದ ರೇನ್’ ಒಳಗಿನ ಹಳೆಯ ತುಣುಕು ಆ್ಯನ್ ಪೀಬಲ್ಸ್ 1973ರಲ್ಲಿ ಮೆಂಫಿಸ್‌ನ ಹೈ ರೆಕಾರ್ಡ್ಸ್‌ಗೆ ಹಾಡಿದ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’. ಅದರ ಶುರುವಿನಲ್ಲಿ ಟಪ್ ಟಪ್ ಎಂದು ಹನಿ ಬೀಳುವ ಸದ್ದು ಎಲೆಕ್ಟ್ರಿಕ್ ಟಿಂಬಾಲಿ ಎಂಬ ತಾಳವಾದ್ಯದ್ದು. ಮೂಲ ಹಾಡಿನಲ್ಲೇ ಹನಿಗೂ ಹನಿಗೂ ನಡುವೆ ಗಾಳಿಯಾಡುತ್ತದೆ. ಟಿಂಬಲೆಂಡ್ ಆ ಗಾಳಿಯನ್ನು ಮುಚ್ಚಲಿಲ್ಲ. ಪೀಬಲ್ಸ್ ಅವರ ದನಿಯನ್ನು ಹಾಡಿನುದ್ದಕ್ಕೂ ತಿರುಗಿಸುತ್ತಾ, ಅದು ಉಸಿರು ಬಿಡುವ ಕಡೆ ತಮ್ಮ ಡ್ರಮ್ ಇಟ್ಟರು. ನೀವು ತುಣುಕು ಆರಿಸುವಾಗ ಇದನ್ನೇ ಮೊದಲು ನೋಡಿ. ತಂತಿವಾದ್ಯಗಳ ದಂಡೇ ಇರುವ, ಸಂದಿಯೇ ಇಲ್ಲದ ತುಣುಕು ಎಷ್ಟೇ ಇಂಪಾಗಿದ್ದರೂ ಈ ಬಗೆಯ ಬೀಟ್‌ಗೆ ಬರುವುದಿಲ್ಲ.

ಡ್ರಮ್ ವಿಷಯವನ್ನು ಕರ್ನಾಟಕ ಸಂಗೀತದ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ದನಿ ಮೊದಲ ಕಾಲದಲ್ಲಿ ನಡೆಯುತ್ತದೆ, ಕಿಕ್ ಮತ್ತು ಹೈ-ಹ್ಯಾಟ್ (ಜೋಡಿ ತಾಳದಂಥ ಸಣ್ಣ ಸದ್ದು) ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಕೆಲವೆಡೆ ಅದಕ್ಕೂ ಮೇಲಿನ ಕಾಲದಲ್ಲಿ. ತಾಳ ಒಂದೇ. ಡ್ರಮ್ ಅವಸರದಲ್ಲಿದೆ, ಹಾಡುವವರಿಗೆ ಅವಸರವಿಲ್ಲ. ನಿಮ್ಮ ಮೂವರ ಹಾಡಿನಲ್ಲಿ ಬಹುಶಃ ಡ್ರಮ್ಮೂ ಓಡುತ್ತಿದೆ, ಬಾಯಿಯೂ ಓಡುತ್ತಿದೆ. ಎರಡೂ ಓಡಿದರೆ ಕೇಳುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಒಂದು ಅಭ್ಯಾಸ ಕೊಡುತ್ತೇನೆ. ಇದು ‘ದ ರೇನ್’ ಬೀಟ್‌ನ ನಕಲಲ್ಲ, ಅದರ ಹಿಂದಿನ ಲೆಕ್ಕವನ್ನು ಕೈಗೆ ತರುವ ಪಾಠ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ವೇಗ ನಿಮಿಷಕ್ಕೆ 80 ಇಡಿ. ಆಗ ಒಂದು ಎಣಿಕೆ 750 ಮಿಲಿಸೆಕೆಂಡ್, ನಾಲ್ಕೆಣಿಕೆಯ ಒಂದು ಆವರ್ತ ಸರಿಯಾಗಿ 3 ಸೆಕೆಂಡ್. ಆ ಆವರ್ತವನ್ನು 32 ಮನೆ ಮಾಡಿ, ಒಂದೊಂದು ಮನೆ ಸುಮಾರು 94 ಮಿಲಿಸೆಕೆಂಡ್ ಆಗುತ್ತದೆ. ಸ್ನೇರ್ (‘ಚಟ್’ ಎನ್ನುವ ಡ್ರಮ್) 9ನೇ ಮನೆಯಲ್ಲಿ ಮತ್ತು 25ನೇ ಮನೆಯಲ್ಲಿ, ಅಂದರೆ ಎರಡನೇ ಹಾಗೂ ನಾಲ್ಕನೇ ಎಣಿಕೆಯ ಮೇಲೆ. ಇದು ಅಲುಗಾಡಬಾರದು. ಇನ್ನು ಕಿಕ್: 1, 4, 7. ಬಾಯಲ್ಲಿ ಹೇಳಿಕೊಳ್ಳಿ, ‘ತಕಿಟ ತಕಿಟ ತಕ’, ಪ್ರತಿ ‘ತ’ ಮೇಲೆ ಒಂದು ಪೆಟ್ಟು. ಎಂಟು ಮನೆ ಮುಗಿಯಿತು, ಸ್ನೇರ್ ಬಿತ್ತು. ಮುಂದೆ 14 ಮತ್ತು 15ರಲ್ಲಿ ಒತ್ತೊತ್ತಾಗಿ ಎರಡು ಕಿಕ್. ಮೂರನೇ ಎಣಿಕೆ ಶುರುವಾಗುವ 17ನೇ ಮನೆಯಲ್ಲಿ ಏನೂ ಬೇಡ. ಎಲ್ಲರ ಕಿವಿಯೂ ಅಲ್ಲಿ ಪೆಟ್ಟಿಗೆ ಕಾಯುತ್ತಿರುತ್ತದೆ, ಕೊಡಬೇಡಿ. 20 ಮತ್ತು 23ರಲ್ಲಿ ಹಾಕಿ. ಇದು ಅದೇ ‘ತಕಿಟ ತಕಿಟ ತಕ’, ಮೊದಲ ‘ತ’ ನುಂಗಿದೆ ಅಷ್ಟೇ. 25ಕ್ಕೆ ಸ್ನೇರ್ ಬಿದ್ದ ಮೇಲೆ 26ರಿಂದ 32ರ ತನಕ ಕಿಕ್ ಇಲ್ಲ. ಇಡೀ ಆವರ್ತಕ್ಕೆ ಏಳು ಕಿಕ್, ಎರಡು ಸ್ನೇರ್. ಕೊನೆಯ ಆ ಏಳು ಮನೆ ಸುಮಾರು 650 ಮಿಲಿಸೆಕೆಂಡ್. ಒಂದು ನಗು, ಒಂದು ಕೆಮ್ಮು, ಒಂದು ಗುಟ್ಟಿನ ಮಾತು ಹಿಡಿಯುವಷ್ಟು ಜಾಗ ಅದು.

ಈಗ ಇದನ್ನು ನುಡಿಸಿದರೆ 14 ಮತ್ತು 15ರಲ್ಲಿ ‘ಧಂ ಧಂ’ ಬದಲು ‘ಧೂಂ’ ಎಂಬ ಒಂದೇ ಕೆಸರಿನಂಥ ಸದ್ದು ಬರುತ್ತದೆ. ನೀವು ಹೇಳುವ ಗದ್ದಲದ ಅರ್ಧ ಕಾರಣ ಇದೇ. ಇಂಟರ್‌ನೆಟ್‌ನಲ್ಲಿ ಸಿಗುವ ಉದ್ದ ಬಾಲದ ಕಿಕ್‌ಗಳು ಅರ್ಧ ಸೆಕೆಂಡ್‌ಗೂ ಹೆಚ್ಚು ಗುಂಯ್‌ಗುಟ್ಟುತ್ತವೆ. ಎರಡು ಪೆಟ್ಟಿನ ನಡುವೆ ಇರುವುದು 94 ಮಿಲಿಸೆಕೆಂಡ್. ಮೊದಲನೆಯದರ ಬಾಲ ಎರಡನೆಯದರ ತಲೆ ಮೇಲೆ ಬಿದ್ದು, ಎರಡರ ಅಲೆಗಳೂ ಒಂದನ್ನೊಂದು ತಿಂದುಹಾಕುತ್ತವೆ. ಪರಿಹಾರಕ್ಕೆ ಎರಡು ಕಿಕ್ ಇಟ್ಟುಕೊಳ್ಳಿ. 1, 4, 7, 20, 23ಕ್ಕೆ 250 ಮಿಲಿಸೆಕೆಂಡ್ ಉದ್ದದ್ದು, ಏಕೆಂದರೆ ಒಂದರಿಂದ ನಾಲ್ಕನೇ ಮನೆಗೆ ಸುಮಾರು 280 ಇದೆ. ನಡುವಿನ ಅಂತರ ಕಡಿಮೆ ಇರುವ 7ನೇ ಮನೆಯದು ಸ್ನೇರ್ ಬಿದ್ದೊಡನೆ ನಿಲ್ಲುವಂತೆ, 23ರದ್ದೂ ಹಾಗೇ. 14, 15ಕ್ಕೆ 80 ಮಿಲಿಸೆಕೆಂಡ್‌ಗೆ ಕತ್ತರಿಸಿದ್ದು, ಕೊನೆಯ 5 ಮಿಲಿಸೆಕೆಂಡ್ ಇಳಿಸಿ, ಇಲ್ಲದಿದ್ದರೆ ‘ಟಿಕ್’ ಎಂಬ ಸದ್ದು ಉಳಿಯುತ್ತದೆ. ಕಿಕ್ ಹಾಗೂ ಸ್ನೇರ್‌ಗಳನ್ನು ಒಂದೇ ಚೋಕ್ ಗುಂಪಿಗೆ ಹಾಕಿದರೆ ಹೊಸ ಪೆಟ್ಟು ಬಿದ್ದಾಗ ಹಳೆಯದು ತಾನಾಗಿ ನಿಲ್ಲುತ್ತದೆ.

ಚಿಕ್ಕ ಕಿಕ್‌ನ ಸ್ವರವೂ ಮುಖ್ಯ. 60 ಹರ್ಟ್ಸ್‌ನ ಒಂದು ಅಲೆಗೆ ಸುಮಾರು 17 ಮಿಲಿಸೆಕೆಂಡ್ ಬೇಕು, 80 ಮಿಲಿಸೆಕೆಂಡ್‌ನಲ್ಲಿ ಹೆಚ್ಚುಕಡಿಮೆ ಐದು ಅಲೆ ಹಿಡಿಯುತ್ತದೆ, ಕಿವಿಗೆ ಅದು ಸ್ವರವಾಗಿ ಸಿಗುತ್ತದೆ. 40 ಹರ್ಟ್ಸ್ ಆದರೆ ಮೂರೇ ಅಲೆ, ಬರೀ ಗುದ್ದು. ಹಾಗಾಗಿ ಬೇಗ ಬೀಳುವ ಕಿಕ್‌ಗಳನ್ನು 60ರ ಮೇಲಕ್ಕೆ ಶ್ರುತಿ ಮಾಡಿ. ಜೊತೆಗೆ ಕಿಕ್‌ಗೆ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನ ಸಣ್ಣ ‘ಟಕ್’ ಇರಲಿ. ಫೋನಿನ ಪುಟ್ಟ ಸ್ಪೀಕರ್ ಕೆಳಗಿನ ಸದ್ದನ್ನು ಕೊಡುವುದೇ ಇಲ್ಲ, ಅಲ್ಲಿ ಕೇಳುವುದು ಆ ‘ಟಕ್’ ಒಂದೇ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಫೋನಿನಲ್ಲೇ ಕೇಳುತ್ತಾರೆ.

ಆ ಕಾಲದಲ್ಲಿ ಟಿಂಬಲೆಂಡ್ ನೆಚ್ಚಿಕೊಂಡಿದ್ದ ಯಂತ್ರ ಎನ್ಸೋನಿಕ್ ಎಎಸ್‌ಆರ್-10 ಎಂಬ ಸ್ಯಾಂಪ್ಲರ್ ಕೀಬೋರ್ಡ್. ಕೊಂಡಾಗ ಅದರಲ್ಲಿರುತ್ತಿದ್ದ ಮೆಮೊರಿ 2 ಮೆಗಾಬೈಟ್, ಹೆಚ್ಚಿಸಿದರೆ 16. ಸಿಡಿ ಗುಣಮಟ್ಟದ ಒಂಟಿ ಚಾನೆಲ್ ಸದ್ದಿಗೆ ಲೆಕ್ಕ ಹಾಕಿದರೆ 2 ಮೆಗಾಬೈಟ್‌ನಲ್ಲಿ ಹಿಡಿಯುವುದು ಸುಮಾರು 23 ಸೆಕೆಂಡ್. ಇಡೀ ಹಾಡಿನ ಎಲ್ಲ ಸದ್ದೂ ಅಷ್ಟರಲ್ಲಿ ಕೂರಬೇಕು ಎಂದರೆ ಯಾರೇ ಆದರೂ ಒಂದೊಂದು ಸದ್ದನ್ನೂ ಮೊಟಕು ಮಾಡುತ್ತಾರೆ, ಒಂದನ್ನೇ ನಾಲ್ಕು ಸ್ವರದಲ್ಲಿ ದುಡಿಸುತ್ತಾರೆ, ಬೇಕಾದ ಚಿಲ್ಲರೆ ಸದ್ದನ್ನು ಬಾಯಿಂದಲೇ ಮಾಡುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ಗೆ ಆ ಮಿತಿಯಿಲ್ಲ, ಆದ್ದರಿಂದ ನೀವೇ ಹಾಕಿಕೊಳ್ಳಿ: ಒಂದು ಬೀಟ್‌ಗೆ ಎಂಟೇ ಸದ್ದು, ಎಲ್ಲ ಸೇರಿ 20 ಸೆಕೆಂಡ್ ಮೀರಬಾರದು. ಒಂದು ತಿಂಗಳು ಹೀಗೆ ಮಾಡಿ ನೋಡಿ.

ಹೈ-ಹ್ಯಾಟ್ ಬಗ್ಗೆ ಒಂದೇ ಮಾತು. ಬೆಸ ಸಂಖ್ಯೆಯ ಮನೆಗಳಲ್ಲಿ ಹಾಕಿ, ಪೆಟ್ಟಿನ ಬಲ ಒಂದೇ ಸಮ ಇರದಿರಲಿ (ಸಾಫ್ಟ್‌ವೇರ್‌ನ 127ರ ಅಳತೆಯಲ್ಲಿ ಎಣಿಕೆಯ ಮೇಲಿನದು 90, ಉಳಿದವು 40ರಿಂದ 60), 15ನೇ ಮನೆಯದನ್ನು ತೆಗೆಯಿರಿ, ಹೈ-ಹ್ಯಾಟ್‌ನ ಇಡೀ ಟ್ರ್ಯಾಕನ್ನು 10 ಮಿಲಿಸೆಕೆಂಡ್ ತಡವಾಗುವಂತೆ ಸರಿಸಿ. ಕಿಕ್ ಮತ್ತು ಸ್ನೇರ್ ಗೆರೆಯ ಮೇಲೇ ಇರಲಿ. ಎಲ್ಲವನ್ನೂ ಸರಿಸಿದರೆ ಸರಿಸಿದ್ದೇ ಗೊತ್ತಾಗುವುದಿಲ್ಲ.

ದನಿಗೆ ಬರೋಣ, ನನ್ನ ಮಟ್ಟಿಗೆ ಈ ಆಲ್ಬಂನ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ‘ದ ರೇನ್’ನಲ್ಲಿ ಬೇರೆ ಯಾವ ರ‍್ಯಾಪರ್‌ನ ಪದ್ಯವೂ ಇಲ್ಲ, ಮಿಸ್ಸಿ ಒಬ್ಬರೇ. ಅವರು ಡ್ರಮ್‌ನ ಬೆನ್ನಟ್ಟಿ ಓಡುವುದಿಲ್ಲ. ಸಾಲನ್ನು ತಡವಾಗಿ ಶುರುಮಾಡಿ, ಬೇಗ ಮುಗಿಸಿ, ಉಳಿದ ಜಾಗದಲ್ಲಿ ಕಾರಿನ ಹಾರ್ನ್, ಇಂಜಿನ್ನಿನ ಸದ್ದನ್ನು ಬಾಯಲ್ಲೇ ಮಾಡುತ್ತಾರೆ. 1996ರಲ್ಲಿ ಗಾಯಕಿ ಜೀನಾ ಥಾಂಪ್ಸನ್ ಅವರ ಹಾಡಿನ ರೀಮಿಕ್ಸ್‌ನಲ್ಲಿ ಅವರು ‘ಹೀ ಹೀ’ ಎಂದು ನಕ್ಕ ಬಗೆಯೇ ಅವರ ಗುರುತಾಗಿ, ಈ ಆಲ್ಬಂನ ಒಂದು ಹಾಡಿನ ಹೆಸರಿನೊಳಗೂ ಬಂದು ಕೂತಿತು. ಅರ್ಥವಿಲ್ಲದ ಸದ್ದು ಇಲ್ಲಿ ಒಂದು ವಾದ್ಯ.

ಈ ವಿಷಯದಲ್ಲಿ ಕನ್ನಡ ನಿಮಗೆ ಕೊಡುವಷ್ಟು ಇಂಗ್ಲಿಷ್ ಅವರಿಗೆ ಕೊಟ್ಟಿರಲಿಲ್ಲ. ಪಟಪಟ, ಧೊಪ್ಪನೆ, ಚಟಾರ್, ಗುಡುಗುಡು, ಸರ‍್ರನೆ, ಜುಮುಜುಮು: ಅನುಕರಣ ಪದಗಳ ರಾಶಿಯೇ ನಮ್ಮಲ್ಲಿದೆ, ಇವು ಅರ್ಥವೂ ಹೌದು ಡ್ರಮ್ಮೂ ಹೌದು. ಒತ್ತಕ್ಷರಗಳು ಸಹಜವಾಗಿಯೇ ಪೆಟ್ಟು. ‘ಕಟ್ಟು’ ಎನ್ನುವಾಗ ‘ಟ್’ನಲ್ಲಿ ನಾಲಿಗೆ ಒಂದು ಗಳಿಗೆ ಗಾಳಿ ತಡೆಯುತ್ತದೆ, ಆ ತಡೆಯನ್ನು ಕಿಕ್ ಇಲ್ಲದ ಮನೆಯಲ್ಲಿ ಕೂರಿಸಿದರೆ ಪದವೇ ಪೆಟ್ಟು ಹಾಕುತ್ತದೆ. ಇನ್ನೊಂದು, ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಸಾಲಿನ ಕೊನೆಯಲ್ಲಿ ‘ಗೆ’ ‘ಲಿ’ ‘ದೆ’ ಎಂದು ಪ್ರಾಸ ಹೊಂದಿಸುವುದು ತೀರಾ ಸುಲಭ, ಅದಕ್ಕೇ ನೀರಸ. ಹಳೆಗನ್ನಡದ ಕವಿಗಳು ಹಿಡಿದ ಆದಿಪ್ರಾಸವನ್ನು ಒಮ್ಮೆ ಬಳಸಿ ನೋಡಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೇಲಿನ ಬೀಟ್‌ನಲ್ಲಿ 26ರಿಂದ 32 ಖಾಲಿ, ಆಮೇಲೆ ಹೊಸ ಸಾಲು ಶುರು. ಆ ಮೌನದ ಬೆನ್ನಿಗೇ ಪ್ರಾಸಾಕ್ಷರ ಬಿದ್ದರೆ ಸಾಲಿನ ಕೊನೆಯ ಪ್ರಾಸಕ್ಕಿಂತ ಎರಡರಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

ಅಕ್ಷರಗಳ ಲೆಕ್ಕ ಇಟ್ಟುಕೊಳ್ಳಿ. 80ರ ವೇಗದಲ್ಲಿ ಒಂದು ಆವರ್ತಕ್ಕೆ 16 ಅಕ್ಷರ ಸರಾಗವಾಗಿ ಹಿಡಿಯುತ್ತದೆ, ಅಭ್ಯಾಸಿಗಳು 24 ತುಂಬುತ್ತಾರೆ. ನೀವು ಹತ್ತಕ್ಕೆ ನಿಲ್ಲಿಸಿ. ಬರೆದ ಪದ್ಯದಲ್ಲಿ ವಿಶೇಷಣಗಳನ್ನು ಹೊಡೆದುಹಾಕಿದರೆ ಸಾಮಾನ್ಯವಾಗಿ ಹತ್ತಕ್ಕೆ ಬರುತ್ತದೆ. ಪೂರ್ತಿ ಪದ್ಯ ಹತ್ತರಲ್ಲೇ ನಡೆದು, ಒಂದೇ ಒಂದು ಆವರ್ತದಲ್ಲಿ 20ಕ್ಕೆ ಏರಿ ಮತ್ತೆ ಇಳಿದರೆ ಆಗ ಜನ ತಲೆ ಎತ್ತುತ್ತಾರೆ.

ರೆಕಾರ್ಡಿಂಗ್‌ನಲ್ಲಿ ಮೈಕ್‌ನಿಂದ ಒಂದು ಗೇಣಿನಷ್ಟು ದೂರ ನಿಲ್ಲಿ, ಪಿಸುಮಾತಿಗೆ ಅದರ ಅರ್ಧಕ್ಕೆ ಬನ್ನಿ. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದಕ್ಕೆ ಬೆನ್ನು ಮಾಡಿ ನಿಂತರೆ ಕೋಣೆಯ ಪ್ರತಿಧ್ವನಿ ಬಹಳಷ್ಟು ಇಳಿಯುತ್ತದೆ, ಫ್ಯಾನ್ ಆರಿಸಿ. 24 ಬಿಟ್‌ನಲ್ಲಿ, ಅತಿ ಜೋರಿನ ಪದವೂ ಮೈನಸ್ 6 ಡೆಸಿಬೆಲ್ ದಾಟದಂತೆ ಹಿಡಿಯಿರಿ. ರಿವರ್ಬ್ (ಸಾಫ್ಟ್‌ವೇರ್ ಸೇರಿಸುವ ಪ್ರತಿಧ್ವನಿ) ಬೇಡ. ರಿವರ್ಬ್ ಎಂದರೆ ಬಾಲ, ನೀವು ಕಷ್ಟಪಟ್ಟು ಖಾಲಿ ಮಾಡಿದ ಮನೆಗಳಿಗೆ ಅದು ಹೊಗೆಯ ಹಾಗೆ ನುಗ್ಗುತ್ತದೆ. ದನಿ ದಪ್ಪವಾಗಬೇಕು ಎನಿಸಿದರೆ ಸಾಲಿನ ಕೊನೆಯ ಎರಡು ಪದಗಳನ್ನು ಮಾತ್ರ ಮತ್ತೊಮ್ಮೆ ಹಾಡಿ ಎಡಕ್ಕೊಂದು ಬಲಕ್ಕೊಂದು ಇಡಿ. ಈ ಆಲ್ಬಂನ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡಿದ ಜಿಮ್ಮಿ ಡಗ್ಲಾಸ್ 1970ರ ದಶಕದಿಂದ ಅಟ್ಲಾಂಟಿಕ್ ಕಂಪನಿಯ ಸ್ಟುಡಿಯೋದಲ್ಲಿ ಪಳಗಿದವರು. ಹೊಸ ಸದ್ದಿನ ಹಿಂದೆ ಹಳೆಯ ಕೈ ಇತ್ತು ಎನ್ನುವುದು ನೆನಪಿರಲಿ. ಮಿಕ್ಸಿಂಗ್‌ಗೆ ಅನುಭವಿಯೊಬ್ಬರಿಗೆ ಕೊಡುವ ದುಡ್ಡು ಹಾಳಲ್ಲ.

ತುಣುಕಿನ ಪ್ರಶ್ನೆ. ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ: ಧ್ವನಿಮುದ್ರಣದ್ದು ಒಂದು, ರಾಗ ಹಾಗೂ ಸಾಹಿತ್ಯದ್ದು ಬೇರೆ. 1991ರ ಕೊನೆಯಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ಬಂದ ತೀರ್ಪಿನ ಮೇಲೆ ಅಮೆರಿಕದಲ್ಲಿ ಅನುಮತಿಯಿಲ್ಲದೆ ತುಣುಕು ಬಳಸುವುದು ಬಹುಮಟ್ಟಿಗೆ ನಿಂತಿತು. ‘ದ ರೇನ್’ನ ರಚನೆಕಾರರ ಪಟ್ಟಿಯಲ್ಲಿ ಪೀಬಲ್ಸ್ ಹಾಗೂ ಮೂಲ ಹಾಡಿನ ಜೊತೆ ಲೇಖಕರ ಹೆಸರೂ ಇರುವುದು ಅದಕ್ಕೇ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿದಿದೆ. ಇಲ್ಲೇ ಬಹಳ ಜನ ಎಡವುವುದು. ಮುದ್ರಣದ ಹಕ್ಕು ಮುಗಿದರೂ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ ಜೀವಿತಾವಧಿ ಹಾಗೂ ಅದರ ಮೇಲೆ 60 ವರ್ಷ ಇರುತ್ತದೆ. ಕವಿ ತೀರಿಕೊಂಡದ್ದು 1985ರಲ್ಲಾದರೆ ಅವರ ಸಾಲು 2045ರ ಕೊನೆಯವರೆಗೆ ನಿಮ್ಮದಲ್ಲ. ‘ಕವರ್ ವರ್ಷನ್‌ಗೆ ಅವಕಾಶ ಇದೆಯಲ್ಲ’ ಎಂದು ಕೆಲವರು ಹೇಳುತ್ತಾರೆ. 2012ರ ತಿದ್ದುಪಡಿಯಿಂದ ಬಂದ 31ಸಿ ಕಲಮು ಇರುವುದು ಹಾಡನ್ನು ಹೆಚ್ಚು ಬದಲಿಸದೆ ಮತ್ತೆ ಹಾಡಿ ಮುದ್ರಿಸುವವರಿಗೆ, ಅದೂ ಮೂಲ ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ಮುಂಚಿತ ನೋಟಿಸು ಮತ್ತು ರಾಯಧನ ಕೊಟ್ಟು. ಕತ್ತರಿಸಿ ಲೂಪ್ ಮಾಡಿ ಮೇಲೆ ರ‍್ಯಾಪ್ ಹಾಕುವುದಕ್ಕೆ ಅದು ಅನ್ವಯಿಸುವುದಿಲ್ಲ. ಎರಡು ಸೆಕೆಂಡ್ ಆದರೆ ಪರವಾಗಿಲ್ಲ ಎಂಬ ನಿಯಮವೂ ಕಾಯ್ದೆಯಲ್ಲಿಲ್ಲ. ಹಾಡಿನ ಹಕ್ಕು ಹೊಂದಿರುವ ಲೇಬಲ್‌ನಿಂದ ಯಾವ ತುಣುಕು, ಎಷ್ಟು ಸೆಕೆಂಡ್, ಎಲ್ಲೆಲ್ಲಿ ಬಿಡುಗಡೆ ಎಂದು ಬರಹದಲ್ಲಿ ಅನುಮತಿ ಪಡೆಯಬೇಕು, ಬೀಟ್ ಮುಗಿಸುವ ಮೊದಲೇ. ಅನುಮತಿ ಸಿಗದಿದ್ದರೆ ಹಾಡನ್ನು ಬಿಡಿ, ಅದರ ಶುರುವಿನಲ್ಲಿ ನಿಮಗೆ ಹಿಡಿಸಿದ್ದು ಏನು ಎಂದು ನೋಡಿ. ಅದು ಹನಿಯ ಸದ್ದಾಗಿದ್ದರೆ ಸ್ಟೀಲ್ ಬಕೆಟ್ಟಿಗೆ ನಲ್ಲಿ ಹನಿಸಿ ನೀವೇ ರೆಕಾರ್ಡ್ ಮಾಡಿ, ಮೂರು ಸ್ವರಕ್ಕೆ ಇಳಿಸಿ ಏರಿಸಿ. ಹನಿಯ ಸದ್ದಿಗೆ ಯಾರ ಹಕ್ಕೂ ಇಲ್ಲ.

ಆಲ್ಬಂ ಕೇಳುವ ಕ್ರಮದ ಬಗ್ಗೆಯೂ ಒಂದು ಸಲಹೆ. ಅದರಲ್ಲಿ 17 ಟ್ರ್ಯಾಕ್ ಇವೆ, ಬಸ್ಟಾ ರೈಮ್ಸ್ ಅವರ ಮುನ್ನುಡಿ, ಹಿನ್ನುಡಿಯೂ ಸೇರಿ. ಲಿಲ್ ಕಿಮ್, ಆಲಿಯಾ, ಜಿನುವೈನ್ ಮುಂತಾಗಿ ಅತಿಥಿಗಳು ಬಹಳ. ಮೊದಲು ‘ದ ರೇನ್’ ಹಾಕಿ, ಕಿಕ್ ಬೀಳದ ಎಣಿಕೆಗಳಲ್ಲಿ ಮಾತ್ರ ಕೈ ತಟ್ಟಿ. ಆಮೇಲೆ ‘ಸಾಕ್ ಇಟ್ ಟು ಮೀ’. ಅದರಲ್ಲಿರುವ ಕಹಳೆಯ ಸದ್ದು ಡೆಲ್ಫಾನಿಕ್ಸ್ ಗುಂಪಿನ 1968ರ ಹಾಡಿನದು, ‘ದ ರೇನ್’ಗಿಂತ ತುಂಬಿದ ತುಣುಕು. ತುಂಬಿದ ತುಣುಕಿನ ಕೆಳಗೆ ಡ್ರಮ್ ಎಲ್ಲೆಲ್ಲಿ ಹಿಂದೆ ಸರಿಯಿತು ಎಂದು ನಿಮ್ಮ 32 ಮನೆಯ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಮೂವರೂ ಬೇರೆ ಬೇರೆ ಕೂತು ಗುರುತು ಹಾಕಿ, ನಂತರ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಂದಾಣಿಕೆಯಾಗದ ಮನೆಗಳನ್ನು ಮತ್ತೆ ಕೇಳಿ.